ಭಾಗ 7: ಪ್ಲೇಟಾ, ನೈಲಾ, ಪ್ಲಾಸ್ಟರಾ? ಮೊದಲು ಊರು ಕೇಳ್ರಿ

ಹೋದ ಪೋಸ್ಟ್‌ಗೆ ಬಂದ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಅನ್‌ಸ್ಟೇಬಲ್ ಆ್ಯಂಕಲ್ ಫ್ರ್ಯಾಕ್ಚರ್‌ಗೆ ಬೆಸ್ಟ್ ಯಾವುದು?" ಪರೀಕ್ಷೆಗೆ ಒಂದು ಉತ್ತರ ಸಾಕು. ಒಪಿಡಿಯೊಳಗೆ ಸಾಲಂಗಿಲ್ಲ.

ಮೊದಲು ಬೇಸಿಕ್ಸ್. ಕಣಕಾಲು ಅಂದ್ರ ಎಲುಬು, ಲಿಗಮೆಂಟ್ ಸೇರಿದ ಒಂದು ಉಂಗುರ. ಒಂದೇ ಕಡೆ ಮುರಿದರೆ ಸಾಮಾನ್ಯವಾಗಿ ಗಟ್ಟಿ ನಿಲ್ಲುತ್ತದೆ. ಎರಡು ಕಡೆ ಬಿಟ್ಟರೆ ಟೇಲಸ್ ಜಾರುತ್ತದೆ. ಟೇಲಸ್ 1 ಮಿ.ಮೀ. ಹೊರಗೆ ಸರಿದರೆ ಕೀಲಿನ ಸಂಪರ್ಕ ಸರಾಸರಿ 42% ಕಡಿಮೆಯಾಗುತ್ತದೆ ಅಂತ ರ‍್ಯಾಮ್ಸೆ, ಹ್ಯಾಮಿಲ್ಟನ್ 1976ರಲ್ಲೇ ತೋರಿಸಿದರು. ಅಂದ್ರ ಯಾವ ವಿಧಾನ ಆದ್ರೂ ಕೆಲಸ ಒಂದೇ: ಟೇಲಸ್ ತನ್ನ ಜಾಗಕ್ಕೆ ಬರಬೇಕು, ಅಲ್ಲೇ ನಿಲ್ಲಬೇಕು.

ಈಗ ನಮ್ಮ ಕಡೆಯ ಮೂರು ಮಂದಿಯನ್ನು ಕಲ್ಪಿಸಿಕೊಳ್ಳಿ.

1️⃣ ಅಫಜಲಪುರದ ಕಬ್ಬು ಕಡಿಯೋ ಹುಡುಗ. ಎರಡೂ ಮೆಲಿಯೋಲಸ್ ಮುರಿದಾವ, ಎಲುಬು ಗಟ್ಟಿ ಅದ, ಚರ್ಮ ಚಲೋ ಅದ. ಇಲ್ಲಿ ಹಳೆಯ ಪ್ಲೇಟ್-ಸ್ಕ್ರೂ ಸಾಕು. ಒಳಗಡೆ ತುಂಡು ಸಣ್ಣದಿದ್ದರೆ ಟೆನ್ಷನ್ ಬ್ಯಾಂಡ್ ವೈರ್. ಹೊಸದು ಬಂದದ ಅಂತ ಹಳೆಯದು ಕೆಡೋದಿಲ್ಲ.

2️⃣ ಆಳಂದದ ಬೈಕ್ ಹುಡುಗ. ಸಿಂಡೆಸ್ಮೋಸಿಸ್ ಬಿಟ್ಟದ. ಸ್ಕ್ರೂನಾ, ಸೂಚರ್ ಬಟನ್ನಾ? ಬಟನ್‌ಗೆ ರೊಕ್ಕ ಜಾಸ್ತಿ, ಆದರೆ ಕೀಲಿಗೆ ಸ್ವಲ್ಪ ಚಲನೆ ಬಿಡುತ್ತದೆ, ಮತ್ತೆ ಆಪರೇಷನ್ ಬೇಕಾಗೋದು ಕಡಿಮೆ. ಸ್ಕ್ರೂ ಹಾಕಿದ್ರೂ ತಪ್ಪಿಲ್ಲ. ತಪ್ಪು ಇರೋದು "ಎಲ್ಲರಿಗೂ ತೆಗೀಲೇಬೇಕು" ಅನ್ನೋ ರೂಢಿಯಲ್ಲಿ. ತೊಂದರೆ ಕೊಟ್ಟರೆ ಮಾತ್ರ ತೆಗೆದ್ರೂ ಫಲಿತಾಂಶ ಕಡಿಮೆ ಆಗಂಗಿಲ್ಲ ಅಂತ ನೆದರ್‌ಲ್ಯಾಂಡ್ಸ್‌ನ ಒಂದು ಟ್ರಯಲ್ ತೋರಿಸಿದೆ. ಬೇಡದ ಎರಡನೇ ಆಪರೇಷನ್ ಅಂದ್ರ ಅವನ ಮನಿಗೆ ಇನ್ನೊಂದು ಸಾಲ.

3️⃣ ಜೇವರ್ಗಿಯ ಅಜ್ಜಿ. ಸಕ್ಕರೆ ಕಾಯಿಲೆ, ಕಾಗದದಂಥ ಚರ್ಮ, ಮೆತ್ತಗಿನ ಎಲುಬು. ಪ್ಲೇಟ್‌ಗೆ ಉದ್ದ ಕೊಯ್ದರೆ ಗಾಯ ಮಾಯದೇ ಇರೋ ಭಯ. ಫಿಬುಲಾ ನೈಲ್‌ಗೆ ಸಣ್ಣ ಗಾಯ ಸಾಕು. 65 ದಾಟಿದ 100 ಮಂದಿಯ ಟ್ರಯಲ್‌ನಲ್ಲಿ (2016) ನೈಲ್ ಹಾಕಿದವರಿಗೆ ಗಾಯದ ತೊಂದರೆ ಕಡಿಮೆ, ವರ್ಷದ ನಂತರ ಕಾಲಿನ ಕೆಲಸ ಸಮಸಮ. ಅದೇ ವರ್ಷ ಬ್ರಿಟನ್ನಿನ ಏಮ್ ಟ್ರಯಲ್ 60 ದಾಟಿದ 620 ಮಂದಿಯನ್ನು ನೋಡಿತು: ಮೈಗಂಟಿದಂತೆ ಹಾಕಿದ ಪ್ಲಾಸ್ಟರ್‌ನಲ್ಲೂ 6 ತಿಂಗಳಿಗೆ ಕಾಲಿನ ಕೆಲಸ ಸರ್ಜರಿಗೆ ಸಮ. ಆದರೆ ಎಲುಬು ಸೊಟ್ಟ ಕೂಡಿದ್ದು ಪ್ಲಾಸ್ಟರ್‌ನವರಲ್ಲೇ ಜಾಸ್ತಿ, ಕೆಲವರಿಗೆ ನಡುವೆ ಆಪರೇಷನ್ನೂ ಬೇಕಾಯ್ತು.

ನನ್ನ ಮಾತು ಇರೋದು ಇಲ್ಲೇ. ಪ್ಲಾಸ್ಟರ್ ಅಗ್ಗ ಅಂತೀವಿ. ಆದರೆ ಅದು ಜಾರಿದೆಯೋ ಇಲ್ಲವೋ ಅಂತ ಮೊದಲ ವಾರಗಳಲ್ಲಿ ಮತ್ತೆ ಮತ್ತೆ ಎಕ್ಸ್‌ರೇ ಬೇಕು. ಒಂದು ಕಾಲ ಮೇಲೆ ಬಸ್ ಹತ್ತಿ ಅಜ್ಜಿ ಕಲಬುರಗಿಗೆ ಎಷ್ಟು ಸಲ ಬಂದಾಳು? ಜೊತೆಗೆ ಬರೋ ಮಗನ ಕೂಲಿ ಎಷ್ಟು ದಿನ ಹೋದೀತು? ಬರೋಕಾಗದೆ ಮನ್ಯಾಗೇ ಉಳಿದರೆ ಸೊಟ್ಟ ಕೂಡಿದ ಕಾಲು ಗೊತ್ತಾಗೋದು ಕೈ ಮೀರಿದ ಮೇಲೆ. ಟ್ರಯಲ್‌ನ ಪ್ಲಾಸ್ಟರ್ ಹಿಂದೆ ಫಾಲೋಅಪ್ ಇತ್ತು. ಅದಿಲ್ಲದ ಪ್ಲಾಸ್ಟರ್ ಬೇರೆಯದೇ ಚಿಕಿತ್ಸೆ.

ಅದಕ್ಕೇ ಹೇಳ್ತೀನಿ: ಎಲುಬು, ಚರ್ಮ, ವಯಸ್ಸಿನ ಜೊತೆ ದೂರವನ್ನೂ ಕೇಸ್ ಶೀಟ್‌ನಲ್ಲಿ ಬರೀರಿ. ಯಾರು ಕರ್ಕೊಂಡು ಬರ್ತಾರ, ಹತ್ತಿರ ಎಕ್ಸ್‌ರೇ ಎಲ್ಲಿ ಸಿಗ್ತದ, ಮನ್ಯಾಗ ನೆಲದ ಮೇಲೆ ಕೂತು ಏಳಬೇಕಾ? ಇವು ಹರಟೆ ಅಲ್ಲ, ಇಂಪ್ಲಾಂಟ್ ಆರಿಸೋ ಪ್ರಶ್ನೆಗಳು.

ಡಿಸ್ಚಾರ್ಜ್ ಕಾರ್ಡ್‌ನಲ್ಲಿ ಕನ್ನಡದಲ್ಲೇ ಮೂರು ಸಾಲು ಹಾಕ್ರಿ: ಯಾವತ್ತು ಕಾಲೂರಬೇಕು, ಸ್ಕ್ರೂ ತೆಗೀಬೇಕಾ ಬೇಡವಾ, ಗಾಯ ಹೆಂಗ ಕಂಡರೆ ಅವತ್ತೇ ಬರಬೇಕು. ಸಕ್ಕರೆ ಇದ್ದವರಿಗೆ ಕಾಲೂರೋ ದಿನ ಇನ್ನೂ ಮುಂದಕ್ಕೆ ಹೋಗ್ತದ ಅನ್ನೋದನ್ನ ಬಾಯಿಬಿಟ್ಟು ಹೇಳ್ರಿ.

ಒಪ್ಪದಿದ್ದರೆ ಕಾಮೆಂಟ್‌ನಲ್ಲಿ ಜಗಳಕ್ಕೆ ಬರ್ರಿ. ಪೋಸ್ಟಿಂಗ್ ಇದ್ದವರು ಸೇವ್ ಮಾಡ್ಕೊಳ್ರಿ 🦶

ಭಾಗ 8: ಆಪರೇಷನ್‌ಗೆ ಮೊದಲು ಊತ ಇಳಿಯೋತನಕ ಯಾಕ ಕಾಯ್ತಾರ?