ದಾರಿಹೋಕನಿಗೆ ಕಾನೂನಿನ ಅಭಯ

ರಸ್ತೆ ಸುರಕ್ಷತೆಯೆಂದೊಡನೆ ನಮಗೆ ನೆನಪಾಗುವುದು ವೇಗದ ಮಿತಿ, ಶಿರಸ್ತ್ರಾಣ, ದಂಡ. ಇವೆಲ್ಲ ಅಪಘಾತಕ್ಕೆ ಮುಂಚಿನ ಮಾತು. ಅಪಘಾತವಾದ ಮರುಕ್ಷಣದಿಂದ ಗಾಯಾಳುವಿನ ಪ್ರಾಣ ಅಲ್ಲಿ ನೆರೆದ ಅಪರಿಚಿತರ ಕೈಯಲ್ಲಿರುತ್ತದೆ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಮಂದಿ ಮಡಿದರು. ಮೊದಲ ಒಂದು ಗಂಟೆಯೊಳಗೆ ಆಸ್ಪತ್ರೆ ಸೇರಿದರೆ ಇಂತಹವರಲ್ಲಿ ಅರ್ಧದಷ್ಟು ಜನರನ್ನು ಉಳಿಸಬಹುದೆಂಬ ವೈದ್ಯರ ಅಭಿಪ್ರಾಯವನ್ನು ಕಾನೂನು ಆಯೋಗವು 2006ರಲ್ಲಿಯೇ ಎತ್ತಿ ಹೇಳಿತ್ತು.

ಆದರೂ ಜನರು ಹಿಂಜರಿಯುತ್ತಾರೆ. ಅದಕ್ಕೆ ಕಾರಣ ನಿರ್ದಯತೆಯಲ್ಲ, ಠಾಣೆ ಕಚೇರಿಗಳ ಅಲೆದಾಟದ ಭೀತಿ. ಗಡಿನಾಡಿನ ಕನ್ನಡಿಗನಿಗಂತೂ ಈ ಭೀತಿ ಇಮ್ಮಡಿ. ಹೊಸೂರಿನಲ್ಲಿ ತಮಿಳು, ಕಾಸರಗೋಡಿನಲ್ಲಿ ಮಲಯಾಳ, ಸೊಲ್ಲಾಪುರದಲ್ಲಿ ಮರಾಠಿ. ಓದಲು ಬಾರದ ಕಾಗದಕ್ಕೆ ಸಹಿ ಹಾಕುವುದೆಂತು ಎಂಬ ಅಳುಕು ಸಹಜವೇ.

ಈ ಅಳುಕಿಗೆ ಕಾನೂನು ಉತ್ತರ ನೀಡಿದೆ. ಕೇಂದ್ರ ಸರಕಾರವು ರೂಪಿಸಿದ ರಕ್ಷಣಾ ಸೂಚನೆಗಳಿಗೆ 2016ರ ಮಾರ್ಚಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಕಾನೂನಿನ ಬಲವಿತ್ತಿತು. 2019ರಲ್ಲಿ ಮೋಟಾರು ವಾಹನಗಳ ಕಾಯಿದೆಗೆ 134ಎ ಕಲಮು ಸೇರಿತು. ಮರುವರ್ಷ ನಿಯಮಗಳೂ ಬಂದವು. ಸದ್ಭಾವದಿಂದ, ಪ್ರತಿಫಲ ಬಯಸದೆ ನೆರವಾದವನ ಮೇಲೆ ಗಾಯಾಳುವಿನ ಸಾವುನೋವಿನ ಹೊಣೆ ಹೊರಿಸುವಂತಿಲ್ಲ. ಹೆಸರು, ವಿಳಾಸ ಹೇಳೆಂದು ಬಲವಂತಪಡಿಸುವಂತಿಲ್ಲ. ಸಾಕ್ಷಿ ನುಡಿಯುವುದು ಅವನ ಇಚ್ಛೆಗೆ ಬಿಟ್ಟದ್ದು. ಒಪ್ಪಿದರೆ ಅವನ ಅನುಕೂಲದ ಸ್ಥಳದಲ್ಲಿಯೇ ಹೇಳಿಕೆ ಪಡೆಯಬೇಕು. ತನಿಖಾಧಿಕಾರಿಯ ಭಾಷೆ ಅವನಿಗೆ ಬಾರದಿದ್ದಲ್ಲಿ ದುಭಾಷಿಯನ್ನು ಒದಗಿಸಬೇಕು! ನಮ್ಮವರು ಮೊದಲು ಮನಗಾಣಬೇಕಾದುದು ಈ ಕೊನೆಯ ಮಾತನ್ನು. ಆದರೆ ಈ ಅಭಯ ನೆರವಿಗೆ ಬಂದವನಿಗೆ. ಡಿಕ್ಕಿ ಹೊಡೆದ ಚಾಲಕನಿಗಲ್ಲ.

ಚಿಕಿತ್ಸೆಯ ಖರ್ಚಿನ ಚಿಂತೆಗೂ ಪರಿಹಾರವುಂಟು. 2025ರ ಮೇ ತಿಂಗಳಿನಲ್ಲಿ ಪ್ರಕಟವಾದ ಕೇಂದ್ರದ ಯೋಜನೆಯಂತೆ, ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ 7 ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿಗಳ ಚಿಕಿತ್ಸೆ ಗಾಯಾಳುವಿಗೆ ಮುಂಗಡ ಹಣವಿಲ್ಲದೆ ದೊರೆಯಬೇಕು.

ನೆರವಿಗರ ಹಕ್ಕುಗಳ ಫಲಕವನ್ನು ಹಿಂದಿ, ಇಂಗ್ಲಿಷ್ ಹಾಗೂ ಸ್ಥಳೀಯ ಭಾಷೆಯಲ್ಲಿ ಪ್ರತಿ ಆಸ್ಪತ್ರೆಯ ಬಾಗಿಲಲ್ಲಿ ತೂಗಹಾಕಬೇಕೆಂದು ನಿಯಮವಿದೆ. ಕನ್ನಡಿಗರು ತಲೆಮಾರುಗಳಿಂದ ಬಾಳಿರುವ ಊರುಗಳಲ್ಲಿ ಕನ್ನಡವೂ ಸ್ಥಳೀಯ ಭಾಷೆಯೇ ಅಲ್ಲವೆ? ನಮ್ಮ ಕನ್ನಡ ಸಂಘಗಳು ಈ ಫಲಕದಲ್ಲಿ ಕನ್ನಡದ ಸಾಲುಗಳನ್ನೂ ಕೇಳಿ ಪಡೆಯಲಿ. ಹಿರಿಯರು ಮನೆಯ ಮಕ್ಕಳಿಗೆ 108 ಮತ್ತು 112 ಎಂಬ ದೂರವಾಣಿ ಸಂಖ್ಯೆಗಳನ್ನು ಬಾಯಿಪಾಠ ಮಾಡಿಸಲಿ. ರಸ್ತೆಯಲ್ಲಿ ಬಿದ್ದವನ ನರಳಿಕೆಗೆ ಭಾಷೆಯ ಗಡಿಯಿಲ್ಲ. ಅವನತ್ತ ಚಾಚುವ ಕೈಗೂ ಅದು ಇರಬಾರದು.