ಹಳೇ ಮನೆ ಕೊಳ್ಳುತ್ತಿದ್ದೀರಾ? ‘ಸೋಲಾರ್ ಇದೆ, ಗೀಸರ್ ಇದೆ’ ಎಂಬ ಮಾತನ್ನು ಪರೀಕ್ಷಿಸುವುದು ಹೇಗೆ?

‘ಮೂವತ್ತು-ನಲವತ್ತು ಸೈಟು, ಎರಡು ಮಹಡಿ, ಕಾವೇರಿ ನೀರು, ಬೋರ್‌ವೆಲ್, ಸೋಲಾರ್, ಗೀಸರ್ ಎಲ್ಲಾ ಇದೆ.’ ಬೆಂಗಳೂರಿನಲ್ಲಿ ಹಳೇ ಮನೆ ಮಾರಾಟಕ್ಕಿದ್ದರೆ ವಾಟ್ಸಾಪ್‌ನಲ್ಲಿ ಬರುವ ವಿವರ ಹೆಚ್ಚುಕಡಿಮೆ ಹೀಗೇ ಇರುತ್ತದೆ. ನಾವು ಕಾಗದಪತ್ರ ನೋಡುತ್ತೇವೆ, ವಾಸ್ತು ಕೇಳುತ್ತೇವೆ, ಗೋಡೆಯ ಬಿರುಕು ಎಣಿಸುತ್ತೇವೆ. ಬಿಸಿನೀರಿನ ವ್ಯವಸ್ಥೆಯನ್ನು ಮಾತ್ರ ‘ಇದೆಯಲ್ಲ, ಸಾಕು’ ಎಂದು ಬಿಟ್ಟುಬಿಡುತ್ತೇವೆ. ಮನೆಗೆ ಬಂದ ಮೊದಲ ಡಿಸೆಂಬರ್‌ನಲ್ಲಿ ನಲ್ಲಿ ತಿರುಗಿಸಿದಾಗ ತಣ್ಣೀರು ಬಂದರೆ ಖರ್ಚು ನಮ್ಮದೇ. ಕೆಲವು ದೋಷಗಳು ಖರ್ಚಿಗಷ್ಟೇ ನಿಲ್ಲುವುದಿಲ್ಲ, ಜೀವಕ್ಕೇ ಅಪಾಯ ತರುತ್ತವೆ. ಈ ಬಗ್ಗೆ ಹರಿದಾಡುವ ಕೆಲವು ಮಾತುಗಳನ್ನು ಒಂದೊಂದಾಗಿ ನೋಡೋಣ.

‘ಸೋಲಾರ್ ಇದ್ದರೆ ಜೀವನಪೂರ್ತಿ ಬಿಸಿನೀರು ಪುಕ್ಕಟೆ’

ಬಿಸಿಲು ಪುಕ್ಕಟೆ, ನಿಜ. ಆದರೆ ಅದನ್ನು ಹಿಡಿಯುವ ಸಾಧನಕ್ಕೆ ವಯಸ್ಸಾಗುತ್ತದೆ. ನಮ್ಮಲ್ಲಿ ಹೆಚ್ಚಾಗಿ ಎರಡು ಬಗೆಯ ಸೋಲಾರ್ ಕಾಣುತ್ತವೆ: ಗಾಜಿನ ಹಲಗೆಯಡಿ ತಾಮ್ರದ ಕೊಳವೆಗಳಿರುವುದು ಒಂದು, ಸಾಲಾಗಿ ಗಾಜಿನ ಕೊಳವೆಗಳನ್ನು ಜೋಡಿಸಿದ್ದು ಇನ್ನೊಂದು.

ಗಾಜಿನ ಕೊಳವೆಯದ್ದಾದರೆ ಅದರ ಕೆಳತುದಿಯನ್ನು ನೋಡಿ. ಅಲ್ಲಿ ಕನ್ನಡಿಯಂಥ ಬೆಳ್ಳಿಬಣ್ಣ ಇರಬೇಕು. ಅದು ಹಾಲಿನಂತೆ ಬೆಳ್ಳಗಾಗಿದ್ದರೆ ಎರಡು ಪದರ ಗಾಜಿನ ನಡುವಿನ ನಿರ್ವಾತದೊಳಗೆ ಗಾಳಿ ಸೇರಿದೆ ಎಂದರ್ಥ. ನಿರ್ವಾತವೇ ಫ್ಲಾಸ್ಕಿನ ಹಾಗೆ ಶಾಖವನ್ನು ಕಾಪಾಡುವುದು. ಅದು ಹೋದ ಕೊಳವೆ ಹಿಡಿದ ಶಾಖವನ್ನು ಗಾಳಿಗೇ ಬಿಟ್ಟುಕೊಡುತ್ತದೆ. ಹಲಗೆಯ ಬಗೆಯದ್ದಾದರೆ ಗಾಜಿನ ಒಳಗೆ ತೇವವಿದೆಯೇ, ತಾಮ್ರದ ಬೆಸುಗೆಯಲ್ಲಿ ಹಸಿರು ಕಲೆ ಇದೆಯೇ ನೋಡಿ. ಹಸಿರು ಕಲೆ ಎಂದರೆ ಸಾಮಾನ್ಯವಾಗಿ ಅಲ್ಲಿ ನೀರು ಸೋರುತ್ತಿದೆ ಅಥವಾ ಹಿಂದೆ ಸೋರಿದೆ.

ನೀರಿನ ಗುಣವೂ ಮುಖ್ಯ. ಕುಡಿಯುವ ನೀರಿಗೆ ಭಾರತೀಯ ಮಾನಕ ಸಂಸ್ಥೆಯು ಹೇಳುವ ಗಡಸುತನದ ಅಪೇಕ್ಷಿತ ಮಿತಿ ಲೀಟರಿಗೆ 200 ಮಿಲಿಗ್ರಾಂ. ಬೇರೆ ನೀರು ಸಿಗದಿದ್ದಲ್ಲಿ 600ರವರೆಗೆ ಒಪ್ಪುತ್ತದೆ. ಅನೇಕ ಕಡೆ ಬೋರ್‌ವೆಲ್ ನೀರಿನ ಗಡಸುತನ 200ನ್ನು ದಾಟುತ್ತದೆ. ಇಂಥ ನೀರು ಕಾದಾಗ ಸುಣ್ಣದಂಥ ಪದರ ಕಟ್ಟಿ ಸಣ್ಣ ಕೊಳವೆಗಳನ್ನು ಮುಚ್ಚುತ್ತದೆ. ಹಾಗಾಗಿ ಸೋಲಾರ್‌ಗೆ ಹೋಗುವುದು ಕಾವೇರಿ ನೀರೋ ಬೋರ್ ನೀರೋ ಎಂದು ತಪ್ಪದೆ ಕೇಳಿ.

‘ನೋಡಲು ಹೋದಾಗ ನೀರು ಸುಡುತ್ತಿತ್ತು, ಹಾಗಾಗಿ ಚೆನ್ನಾಗಿದೆ’

ಅವಸರ ಬೇಡ. ಅನೇಕ ಸೋಲಾರ್ ಟ್ಯಾಂಕ್‌ಗಳಲ್ಲಿ ಮೋಡದ ದಿನಕ್ಕೆಂದು ಕರೆಂಟಿನ ಕಾಯಿಲ್ ಕೂಡ ಇರುತ್ತದೆ. ಆ ಸ್ವಿಚ್ ಆನ್ ಆಗಿದ್ದರೆ ನಿಮ್ಮ ಕೈ ಸುಟ್ಟದ್ದು ಬಿಸಿಲಿನಿಂದಲ್ಲ, ಕರೆಂಟಿನಿಂದ. ಹಿಂದಿನ ದಿನ ಬೆಳಗ್ಗೆಯಿಂದಲೇ ಅದನ್ನು ಆರಿಸಿಡಲು ಹೇಳಿ. ಸಂಜೆ ಒಮ್ಮೆ, ಮರುದಿನ ಬೆಳಗ್ಗೆ ಆರು ಗಂಟೆಗೆ ಒಮ್ಮೆ ನೀರು ನೋಡಿ. ಸಂಜೆ ಬಿಸಿಯಿದ್ದದ್ದು ಯಾರೂ ಬಳಸದೆ ಬೆಳಗ್ಗೆ ಉಗುರುಬೆಚ್ಚಗಾಗಿದ್ದರೆ ಟ್ಯಾಂಕಿನ ಹೊದಿಕೆ ಹಾಳಾಗಿರಬಹುದು. ಇಲ್ಲವೇ ಜೋಡಣೆ ತಪ್ಪಿ, ರಾತ್ರಿ ಬಿಸಿನೀರು ಕೊಳವೆಗಳಿಗೆ ಹಿಮ್ಮುಖವಾಗಿ ಹರಿದು ತಣ್ಣಗಾಗುತ್ತಿರಬಹುದು.

ನೆರಳಿನದ್ದು ಇನ್ನೊಂದು ಗುಟ್ಟು. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ತಿಂಗಳಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ತುಸು ಉತ್ತರಕ್ಕಿರುತ್ತಾನೆ. ಡಿಸೆಂಬರ್ ಕೊನೆಯಲ್ಲಿ ದಕ್ಷಿಣಕ್ಕೆ ವಾಲಿ ಸುಮಾರು 53 ಡಿಗ್ರಿ ಎತ್ತರದಲ್ಲಷ್ಟೇ ಇರುತ್ತಾನೆ. ಆಗ ದಕ್ಷಿಣದ ಪಕ್ಕದ ಮನೆ ನಿಮ್ಮ ತಾರಸಿಗಿಂತ 10 ಅಡಿ ಎತ್ತರವಿದ್ದರೆ ನಡುಮಧ್ಯಾಹ್ನವೇ ಏಳೂವರೆ ಅಡಿಯಷ್ಟು ನೆರಳು ಬೀಳುತ್ತದೆ. ಬೆಳಗ್ಗೆ, ಸಂಜೆ ಇನ್ನೂ ಉದ್ದ. ಬೇಸಿಗೆಯಲ್ಲಿ ಮನೆ ನೋಡಿದವರಿಗೆ ಈ ನೆರಳು ಕಾಣುವುದೇ ಇಲ್ಲ. ಬಿಸಿನೀರು ತೀರಾ ಬೇಕಾಗುವುದು ಮಾತ್ರ ಡಿಸೆಂಬರ್‌ನಲ್ಲಿ!

‘ಗೀಸರ್ ಒಳಗೆ ಸುಣ್ಣ ಕಟ್ಟಿದರೆ ಕರೆಂಟ್ ಬಿಲ್ ದುಪ್ಪಟ್ಟು’

ಇದು ಅರ್ಧ ಸತ್ಯವೂ ಅಲ್ಲ. ಕರೆಂಟ್ ಗೀಸರ್‌ನ ಕಾಯಿಲ್ ನೀರಿನೊಳಗೇ ಮುಳುಗಿರುತ್ತದೆ. ಸುಣ್ಣ ಕಟ್ಟಿದರೂ ಶಾಖ ಕೊನೆಗೆ ಸೇರುವುದು ಆ ನೀರಿಗೇ. ಹಾಗಾಗಿ ಬಿಲ್ ದುಪ್ಪಟ್ಟಾಗುವುದಿಲ್ಲ. ಕಾಯಿಲ್ ಮಾತ್ರ ಅತಿಯಾಗಿ ಕಾದು ಬೇಗ ಸುಟ್ಟುಹೋಗುತ್ತದೆ.

ಗೀಸರನ್ನು ಗಡಿಯಾರ ಹಿಡಿದೇ ಪರೀಕ್ಷಿಸಬಹುದು. 15 ಲೀಟರ್ ನೀರನ್ನು 25ರಿಂದ 60 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಲು ಬೇಕಾಗುವುದು ಸುಮಾರು 0.6 ಯೂನಿಟ್ ವಿದ್ಯುತ್. 2 ಕಿಲೋವ್ಯಾಟ್ ಕಾಯಿಲ್ ಇದ್ದರೆ 18ರಿಂದ 20 ನಿಮಿಷ. ಅದಕ್ಕಿಂತ ತುಂಬಾ ಹೊತ್ತಾದರೆ ಕಾಯಿಲ್ ಅಥವಾ ವೋಲ್ಟೇಜ್ ಸರಿಯಿಲ್ಲ. ದೀಪ ತೀರಾ ಬೇಗ ಆರಿ ನೀರು ಬರೀ ಬೆಚ್ಚಗಿದ್ದರೆ ಥರ್ಮೋಸ್ಟಾಟ್ ಅನುಮಾನ. ಬಿಸಿನೀರು ಕೆಂಪಗೆ ಬಂದರೆ ಟ್ಯಾಂಕು ತುಕ್ಕು ಹಿಡಿದಿರಬಹುದು. ಉಕ್ಕಿನ ಟ್ಯಾಂಕಿಗೆ ಬದಲಾಗಿ ತಾನು ಸವೆಯಲೆಂದೇ ಒಳಗೆ ಮೆಗ್ನೀಸಿಯಂ ಕಡ್ಡಿ ಇಟ್ಟಿರುತ್ತಾರೆ. ವರ್ಷಗಟ್ಟಲೆ ಅದನ್ನು ಬದಲಿಸದಿದ್ದರೆ ಮುಂದಿನ ಸರದಿ ಟ್ಯಾಂಕಿನದು. ತಯಾರಾದ ವರ್ಷ ಮೈಮೇಲಿನ ಪಟ್ಟಿಯಲ್ಲಿದ್ದರೆ ಫೋಟೋ ತೆಗೆದುಕೊಳ್ಳಿ.

‘ಹಳೇ ಗೀಸರ್ ಅಂದರೆ ಬಾಂಬ್’

ವಯಸ್ಸಾದ ಮಾತ್ರಕ್ಕೆ ಗೀಸರ್ ಸಿಡಿಯುವುದಿಲ್ಲ. ಅದಕ್ಕೆ ಮೂರು ಕಾವಲುಗಳಿವೆ: ಥರ್ಮೋಸ್ಟಾಟ್, ಅದು ಕೈಕೊಟ್ಟರೆ ಕರೆಂಟ್ ಕಡಿಯುವ ಕಟ್-ಔಟ್, ಒತ್ತಡ ಹೊರಬಿಡುವ ವಾಲ್ವ್. ನೀರು 60 ಡಿಗ್ರಿಗೆ ಕಾಯುವಾಗ ಹಿಗ್ಗುತ್ತದೆ. 15 ಲೀಟರಿಗೆ ಸುಮಾರು ಒಂದು ಲೋಟದಷ್ಟು. ಹಾಗಾಗಿ ಕೆಲವು ಮನೆಗಳಲ್ಲಿ ಕಾಯುವಾಗ ವಾಲ್ವ್‌ನಿಂದ ತೊಟ್ಟಿಕ್ಕುವುದು ಸಹಜ. ಸೋರುತ್ತಿದೆ ಎಂದು ಯಾರಾದರೂ ಅದಕ್ಕೆ ಬಿರಟೆ ಹಾಕಿದ್ದರೆ ಅದೇ ನಿಜವಾದ ಅಪಾಯ. ಅರ್ಥಿಂಗ್ ಸರಿಯಿದೆಯೇ, 30 ಮಿಲಿಆಂಪಿಯರ್‌ಗೆ ಟ್ರಿಪ್ ಆಗುವ ಆರ್‌ಸಿಸಿಬಿ ಇದೆಯೇ ಎಂದು ಎಲೆಕ್ಟ್ರಿಷಿಯನ್ ಕೈಯಲ್ಲಿ ನೋಡಿಸಿ.

‘ಗ್ಯಾಸ್ ವಾಸನೆ ಇಲ್ಲ, ಹಾಗಾಗಿ ಗ್ಯಾಸ್ ಗೀಸರ್ ಸುರಕ್ಷಿತ’

ಈ ಒಂದು ತಪ್ಪು ತಿಳಿವಳಿಕೆಯನ್ನು ಇವತ್ತೇ ಬಿಡಿ. ಎಲ್‌ಪಿಜಿಗೆ ವಾಸನೆ ಇರುವುದು ಸೋರಿಕೆ ತಿಳಿಯಲೆಂದು ಬೆರೆಸಿದ ರಾಸಾಯನಿಕದಿಂದ. ಗ್ಯಾಸ್ ಸರಿಯಾಗಿ ಉರಿಯದಿದ್ದಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಬಾಗಿಲು, ಕಿಟಕಿ ಮುಚ್ಚಿದ ಬಚ್ಚಲುಮನೆಯಲ್ಲಿ ತಲೆಸುತ್ತು ಬರುವಷ್ಟರಲ್ಲಿ ಬಾಗಿಲು ತೆಗೆಯುವ ಶಕ್ತಿಯೂ ಉಳಿದಿರುವುದಿಲ್ಲ. ಹೀಗೆ ಸ್ನಾನಕ್ಕೆ ಹೋದವರು ಸತ್ತ ಸುದ್ದಿ ಕರ್ನಾಟಕದಲ್ಲೂ ಮತ್ತೆ ಮತ್ತೆ ಬಂದಿದೆ. ಜ್ವಾಲೆ ನೀಲಿಯ ಬದಲು ಹಳದಿಯಾಗಿದ್ದರೆ, ಸುತ್ತ ಮಸಿ ಹಿಡಿದಿದ್ದರೆ ಬಳಸಲೇಬೇಡಿ. ಜ್ವಾಲೆ ನೀಲಿಯಿದ್ದರೂ ಬಚ್ಚಲುಮನೆಯ ಒಳಗೆ ಗ್ಯಾಸ್ ಗೀಸರ್ ಬೇಡ. ಕೊಂಡ ಮನೆಯಲ್ಲಿ ಹಾಗಿದ್ದರೆ ಮೊದಲ ಸ್ನಾನಕ್ಕೂ ಮುಂಚೆ ತೆಗೆಸಿ.

ಹಾಗಾದರೆ ಮನೆ ಬಿಡಬೇಕೇ?

ಬೇಕಿಲ್ಲ. ಬಿಸಿನೀರಿನ ವ್ಯವಸ್ಥೆ ಬದಲಿಸಬಹುದಾದದ್ದು. ರಿಪೇರಿಗೆ ಎಷ್ಟು, ಹೊಸದಕ್ಕೆ ಎಷ್ಟು ಎಂದು ಇಬ್ಬರು ಪ್ಲಂಬರ್‌ಗಳನ್ನು ಕೇಳಿ, ಆ ಮೊತ್ತವನ್ನು ಮುಂದಿಟ್ಟು ಬೆಲೆ ಮಾತಾಡಿ. ಮಾರುವವರೇ ಸರಿಮಾಡಿಸಿ ಕೊಡುತ್ತೇವೆಂದರೆ ಅದನ್ನು ಕರಾರು ಪತ್ರದಲ್ಲಿ ಬರೆಸಿ. ಬಾಯಿಮಾತು ರಿಜಿಸ್ಟ್ರೇಷನ್ ದಿನದವರೆಗೆ ಮಾತ್ರ.

ನೆಂಟರಿಷ್ಟರಲ್ಲಿ ಯಾರಾದರೂ ಮನೆ ಹುಡುಕುತ್ತಿದ್ದರೆ ಇದನ್ನು ಕಳಿಸಿ. ಎಲ್ಲವನ್ನೂ ಓದಲು ಪುರುಸೊತ್ತಿಲ್ಲ ಎಂದರೆ ಗ್ಯಾಸ್ ಗೀಸರ್ ಭಾಗವನ್ನಾದರೂ ಓದಲು ಹೇಳಿ.