ಸಹಿಗಳನ್ನು ಉಳಿಸಿಕೊಂಡ ಕಾರು

ಕಾರುಗಳ ವಿಷಯದಲ್ಲಿ ನನಗೆ ಹೇಳಿಕೊಳ್ಳುವಂಥ ತಿಳಿವಳಿಕೆಯಿಲ್ಲ. ಮೂವತ್ತೆರಡು ವರ್ಷ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನವನ್ನು ಕಲಿಸಿದ ನಾನು ಅಷ್ಟು ಕಾಲವೂ ಸೈಕಲ್ಲಿನಲ್ಲಿ, ಬಸ್ಸಿನಲ್ಲಿ ಓಡಾಡಿದವನು. ಅಂಥವನು ಅಮೆರಿಕದ ಒಂದು ಕಾರನ್ನು ಕುರಿತು ಬರೆಯಲು ಕುಳಿತಿದ್ದಾನೆಂದರೆ ಓದುಗರಿಗೆ ನಗು ಬಂದೀತು. ಆದರೆ ಹಳೆಯ ವಸ್ತುವೊಂದನ್ನು ಕಾಪಾಡುವುದೆಂದರೆ ಏನು ಎಂಬ ಪ್ರಶ್ನೆಗೆ ನನಗೆ ಸಮಾಧಾನಕರವಾದ ಉತ್ತರ ದೊರೆತದ್ದು ಆ ಕಾರಿನ ಮುಂದೆಯೇ.

2019ರ ಬೇಸಿಗೆಯಲ್ಲಿ ನ್ಯಾಶ್‌ವಿಲ್ ನಗರದಲ್ಲಿರುವ ಮಗನ ಮನೆಗೆ ಹೋಗಿದ್ದೆ. ಒಂದು ಭಾನುವಾರ ಮೊಮ್ಮಗನ ಹಟಕ್ಕೆ ಮಣಿದು ಮಗ ನಮ್ಮನ್ನೆಲ್ಲ ಕೆಂಟಕಿ ರಾಜ್ಯದ ಬೌಲಿಂಗ್ ಗ್ರೀನ್ ಎಂಬ ಊರಿಗೆ ಕರೆದುಕೊಂಡು ಹೋದ. ಅಲ್ಲಿ ‘ಕಾರ್ವೆಟ್’ ಎಂಬ ಒಂದೇ ಜಾತಿಯ ಕಾರಿಗೆ ಮೀಸಲಾದ ವಸ್ತುಸಂಗ್ರಹಾಲಯವೊಂದು 1994ರಿಂದ ಇದೆ. ಆ ಕಾರು ತಯಾರಾಗುವ ಕಾರ್ಖಾನೆಯೂ ಅದೇ ಊರಿನಲ್ಲಿದೆ.

ಕಾರ್ವೆಟ್‌ನ ಜನ್ಮವೃತ್ತಾಂತ ಸ್ವಾರಸ್ಯಕರವಾದುದು. ಜನರಲ್ ಮೋಟಾರ್ಸ್ ಸಂಸ್ಥೆಯ ವಿನ್ಯಾಸ ವಿಭಾಗದ ಮುಖ್ಯಸ್ಥ ಹಾರ್ಲಿ ಅರ್ಲ್ ಎಂಬಾತನ ಕನಸಾಗಿ, 1953ರ ಜನವರಿಯಲ್ಲಿ ನ್ಯೂಯಾರ್ಕಿನ ವಾಲ್ಡಾರ್ಫ್ ಅಸ್ಟೋರಿಯಾ ಹೋಟೆಲಿನ ಪ್ರದರ್ಶನದಲ್ಲಿ ಅದು ಮೊದಲು ಜನರ ಕಣ್ಣಿಗೆ ಬಿತ್ತು. ಅದೇ ವರ್ಷದ ಜೂನ್ 30ರಂದು ಮಿಷಿಗನ್ ರಾಜ್ಯದ ಫ್ಲಿಂಟ್ ನಗರದಲ್ಲಿ ಷೆವ್ರೊಲೆ ಹೆಸರಿನಲ್ಲಿ ಅದರ ತಯಾರಿಕೆ ಆರಂಭವಾಯಿತು. ಆ ವರ್ಷ ತಯಾರಾದವು ಕೇವಲ 300. ಎಲ್ಲಕ್ಕೂ ಹೊರಗೆ ಬಿಳಿಯ ಬಣ್ಣ, ಒಳಗೆ ಕೆಂಪು. ಮೇಲಿನ ಬಟ್ಟೆಯ ಹೊದಿಕೆಯನ್ನು ಮಡಚಿಟ್ಟು ಗಾಳಿಗೆ ಮುಖವೊಡ್ಡಿ ಓಡಿಸುವ ಎರಡೇ ಆಸನದ ಗಾಡಿ. ಒಡಲು ಉಕ್ಕಿನದಲ್ಲ, ಫೈಬರ್‌ಗ್ಲಾಸಿನದು. ಹೊರಗಿನಿಂದ ಬಾಗಿಲು ತೆರೆಯಲು ಹಿಡಿಕೆಯೂ ಇರಲಿಲ್ಲ!

ನೋಟಕ್ಕೆ ಚೆಲುವಾಗಿದ್ದರೂ ಓಟದಲ್ಲಿ ಅದು ಸಾಧಾರಣ. ಆರು ಸಿಲಿಂಡರಿನ, 150 ಅಶ್ವಶಕ್ತಿಯ ಎಂಜಿನ್ನು. ಎರಡೇ ಗೇರುಗಳ ಪೆಟ್ಟಿಗೆ. 1954ರಲ್ಲಿ 3,640 ಕಾರುಗಳನ್ನು ಮಾಡಿದರು. ಬಹಳಷ್ಟು ಮಾರಾಟವಾಗದೆ ಉಳಿದವು. 1955ರಲ್ಲಿ ತಯಾರಿಕೆ 700ಕ್ಕೆ ಇಳಿಯಿತು. ಅದೇ ವರ್ಷ ಪ್ರತಿಸ್ಪರ್ಧಿಯಾದ ಫೋರ್ಡ್ ಕಂಪನಿಯ ಥಂಡರ್‌ಬರ್ಡ್ ಹದಿನಾರು ಸಾವಿರ ದಾಟಿತು. ಕಾರ್ವೆಟ್‌ನ ಕಥೆ ಅಲ್ಲಿಗೇ ಮುಗಿಯಬೇಕಾಗಿತ್ತು. ಮುಗಿಯದಂತೆ ನೋಡಿಕೊಂಡವರಲ್ಲಿ ಪ್ರಮುಖನು ಜೋರಾ ಆರ್ಕಸ್ ಡಂಟೋವ್ ಎಂಬ ಎಂಜಿನಿಯರ್. ಬ್ರಸೆಲ್ಸ್‌ನಲ್ಲಿ ಹುಟ್ಟಿದ, ರಷ್ಯನ್ ಮೂಲದ ಈತ ನ್ಯೂಯಾರ್ಕಿನ ಆ ಪ್ರದರ್ಶನದಲ್ಲಿ ಕಾರನ್ನು ಕಂಡು ಮರುಳಾಗಿ ಅದೇ ಸಂಸ್ಥೆಯನ್ನು ಸೇರಿದವನು. ಎಂಟು ಸಿಲಿಂಡರಿನ ಎಂಜಿನ್ನು ಬಂದ ಮೇಲೆ ಕಾರಿಗೆ ನಿಜವಾದ ಓಟವನ್ನು ಕಲಿಸಿದವನೂ ಈತನೇ. 1996ರಲ್ಲಿ ತೀರಿಕೊಂಡ ಡಂಟೋವ್‌ನ ಚಿತಾಭಸ್ಮವನ್ನು ಈ ಸಂಗ್ರಹಾಲಯದಲ್ಲಿಯೇ ಇರಿಸಿದ್ದಾರೆ.

ಇನ್ನು ನಾನು ಹೇಳಬೇಕೆಂದಿರುವ ಘಟನೆಗೆ ಬರುತ್ತೇನೆ. 2014ರ ಫೆಬ್ರವರಿ 12ರಂದು, ಇನ್ನೂ ಬೆಳಕು ಹರಿಯುವ ಮುನ್ನ, ಸಂಗ್ರಹಾಲಯದ ಗೋಪುರದಂಥ ಸಭಾಂಗಣದ ನೆಲ ಕುಸಿಯಿತು. ಆ ಪ್ರದೇಶವೆಲ್ಲ ಸುಣ್ಣಕಲ್ಲಿನ ನೆಲ. ಮಳೆನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡನ್ನು ಹೀರಿ ಮೆಲುವಾದ ಆಮ್ಲವಾಗಿ, ಸಾವಿರಾರು ವರ್ಷ ಕಲ್ಲನ್ನು ಕರಗಿಸುತ್ತ ಒಳಗೊಳಗೇ ಟೊಳ್ಳು ಮಾಡಿರುತ್ತದೆ. ಜಗತ್ತಿನ ಅತಿ ಉದ್ದದ ಗುಹೆಯೆಂದು ಹೆಸರಾದ ಮ್ಯಾಮತ್ ಗುಹೆ ಇರುವುದೂ ಅಲ್ಲಿಗೆ ಸಮೀಪದಲ್ಲಿಯೇ. ಅಂಥದೊಂದು ಟೊಳ್ಳಿನ ಮೇಲ್ಛಾವಣಿ ಆ ದಿನ ಮುರಿದುಬಿದ್ದು ಎಂಟು ಕಾರ್ವೆಟ್‌ಗಳು ಪಾತಾಳ ಸೇರಿದವು. ಒಳಗೆ ಯಾರೂ ಇರಲಿಲ್ಲವಾದ್ದರಿಂದ ಜೀವಹಾನಿಯಾಗಲಿಲ್ಲ.

ಎಂಟನ್ನೂ ಮೇಲೆತ್ತಿದರು. ಎಲ್ಲವನ್ನೂ ಸರಿಪಡಿಸಬೇಕೆಂಬುದು ಮೊದಲಿನ ಆಲೋಚನೆ. ಕೊನೆಗೆ ಸರಿಪಡಿಸಿದ್ದು ಮೂರನ್ನು ಮಾತ್ರ. ಆ ಮೂರರಲ್ಲಿ ಒಂದು, 1992ರಲ್ಲಿ ಅದೇ ಊರಿನ ಕಾರ್ಖಾನೆಯಿಂದ ಹೊರಬಂದ ಹತ್ತು ಲಕ್ಷದ ಕಾರ್ವೆಟ್. 1953ರ ನೆನಪಿಗಾಗಿ ಅದನ್ನೂ ಹೊರಗೆ ಬಿಳಿ, ಒಳಗೆ ಕೆಂಪು ಬಣ್ಣದ, ಮೇಲ್ಹೊದಿಕೆ ಮಡಚುವ ಕಾರನ್ನಾಗಿ ಮಾಡಿದ್ದರು. ಅದನ್ನು ಜೋಡಿಸಿದ ಕಾರ್ಮಿಕರು ಅದರ ಒಳಭಾಗಗಳ ಮೇಲೆ ತಮ್ಮ ತಮ್ಮ ಸಹಿ ಹಾಕಿದ್ದರು. ಕಾಂಕ್ರೀಟಿನ ಅಡಿ ಸಿಕ್ಕಿ ನಜ್ಜುಗುಜ್ಜಾದ ಈ ಕಾರನ್ನು ರಿಪೇರಿ ಮಾಡುವಾಗ, ಹೊಸ ಭಾಗಗಳನ್ನು ತಂದು ಕೂರಿಸುವುದೇ ಸುಲಭವಾಗಿತ್ತು. ಆದರೆ ದುರಸ್ತಿ ಮಾಡಿದವರು ಸಹಿಯಿದ್ದ ಭಾಗಗಳನ್ನು ಆದಷ್ಟೂ ಬಿಸಾಡದೆ, ಹಾಗೆಯೇ ಉಳಿಸಿ ಮತ್ತೆ ಜೋಡಿಸಿದರು. 2015ರಲ್ಲಿ ಕಾರು ಮರಳಿ ತನ್ನ ಸ್ಥಾನಕ್ಕೆ ಬಂತು.

ಉಳಿದ ಐದನ್ನು ಹಾಗೆಯೇ ಬಿಟ್ಟಿದ್ದಾರೆ. ಅಪ್ಪಚ್ಚಿಯಾದ ಮೈ, ಮುರಿದ ಚಕ್ರ, ಮೆತ್ತಿಕೊಂಡ ಮಣ್ಣು. “ತಾತ, ಇದನ್ನು ಯಾಕೆ ರಿಪೇರಿ ಮಾಡಲಿಲ್ಲ?” ಎಂದು ಮೊಮ್ಮಗ ಕೇಳಿದ. ಸಂಗ್ರಹಾಲಯದವರು ಕೊಟ್ಟಿರುವ ಕಾರಣ ಇಷ್ಟೇ: ಅವುಗಳಲ್ಲಿ ಉಳಿದಿರುವ ಮೂಲಭಾಗ ತೀರ ಕಡಿಮೆ, ಸರಿಪಡಿಸಿದರೆ ಅದು ಹಳೆಯ ಕಾರಾಗುವುದಿಲ್ಲ, ಅದರ ನಕಲಾಗುತ್ತದೆ.

ಆ ಮಾತನ್ನು ಮಗುವಿಗೆ ವಿವರಿಸುತ್ತಿದ್ದಂತೆಯೇ ನನಗೆ ನಮ್ಮ ಶಾಲೆಯ ಡೆಸ್ಕುಗಳ ನೆನಪಾಯಿತು. 2004ರಲ್ಲಿ ಶಾಲೆಗೆ ಐವತ್ತು ತುಂಬಿದಾಗ ಹಳೆಯ ವಿದ್ಯಾರ್ಥಿಗಳು ಹಣ ಕೂಡಿಸಿ ತೇಗದ ಡೆಸ್ಕುಗಳನ್ನೆಲ್ಲ ಹೊಸದು ಮಾಡಿಸಿದರು. ಬಡಗಿಗಳು ಕೀಸುಳಿ ಹಾಕಿ ಹೆರೆದು, ವಾರ್ನಿಷ್ ಬಳಿದು ಹೋದರು. ಕೈವಾರದ ಮುಳ್ಳಿನಿಂದ ಐವತ್ತು ವರ್ಷ ಮಕ್ಕಳು ಕೆತ್ತಿದ್ದ ಹೆಸರುಗಳು ಒಂದೇ ವಾರದಲ್ಲಿ ಹೊಟ್ಟಾಗಿ ಅಂಗಳದಲ್ಲಿ ಬಿದ್ದವು. ಸಮಾರಂಭಕ್ಕೆ ಬಂದ ಒಬ್ಬ ಹಳೆಯ ವಿದ್ಯಾರ್ಥಿ, ತಾನೂ ದೇಣಿಗೆ ಕೊಟ್ಟವನೇ, ಮೂರನೆಯ ಸಾಲಿನ ಡೆಸ್ಕಿನ ಮೇಲೆ ಬಹಳ ಹೊತ್ತು ಕೈಯಾಡಿಸಿ, “ಸಾರ್, ನಾನು ಕೂತಿದ್ದ ಜಾಗ ಯಾವುದು ಅಂತಾನೇ ಗೊತ್ತಾಗ್ತಿಲ್ಲ” ಎಂದ. ಹೆಸರು ಕೆತ್ತಿದ ತಪ್ಪಿಗೆ ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದವನು ನಾನೇ. ಡೆಸ್ಕುಗಳನ್ನು ಹೆರೆಸುವ ತೀರ್ಮಾನವಾದ ಸಭೆಯಲ್ಲಿ ತಲೆಯಾಡಿಸಿದವನೂ ನಾನೇ.

ಹಳೆಯ ಕಾರುಗಳ ಸಂಗ್ರಾಹಕರಲ್ಲಿ ಎರಡು ಬಗೆಯವರಿದ್ದಾರೆಂದು ನನಗೆ ತೋರುತ್ತದೆ. ಒಬ್ಬರಿಗೆ ಕಾರು ಕಾರ್ಖಾನೆಯಿಂದ ಹೊರಬಿದ್ದ ದಿನ ಹೇಗಿತ್ತೋ ಹಾಗೆಯೇ ಥಳಥಳಿಸಬೇಕು. ಎಂಜಿನ್ನಿನ ಸಂಖ್ಯೆ ಕಾರಿನ ಸಂಖ್ಯೆಗೆ ಹೊಂದಬೇಕೆಂಬ ಅವರ ನಿಷ್ಠೆಯನ್ನು ನಾನು ಗೌರವಿಸುತ್ತೇನೆ. ದಾಖಲೆಯ ಬೆಲೆ ತಿಳಿದವರು ಅವರು. ಆದರೆ ಕಾರು ಓಡಿದ ಗುರುತನ್ನೆಲ್ಲ ಅಳಿಸಿ, ಬೀಗ ಹಾಕಿ, ಬೆಲೆ ಏರುವುದನ್ನು ಕಾಯುವಾಗ ಅವರು ಕಾಪಾಡುತ್ತಿರುವುದು ಕಾರನ್ನಲ್ಲ, ಹಣವನ್ನು. ಇನ್ನೊಂದು ಬಗೆಯವರು, ಮೂಲಸ್ಥಿತಿ ಎಂಬುದು ಯಾವ ವಸ್ತುವಿಗೂ ಒಂದೇ ಬಾರಿ ಎಂದು ಬಲ್ಲವರು. ಮಾಸಿದ ಬಣ್ಣ, ಸವೆದ ಆಸನ ಅವರಿಗೆ ಕೊರತೆಯಲ್ಲ.

ಅತಿ ಶ್ರೀಮಂತರ ಆಟಿಕೆಗೆ ಇಷ್ಟು ಜಿಜ್ಞಾಸೆ ಏಕೆ ಎಂದು ಕೇಳಬಹುದು. ಆಟಿಕೆಯೇ ಇರಬಹುದು, ಅದರೊಳಗಿನ ಸಹಿಗಳು ಕೂಲಿಗೆ ದುಡಿದವರವು. ನಮ್ಮಲ್ಲಿ ಜೀರ್ಣೋದ್ಧಾರ ಎಂಬ ಒಳ್ಳೆಯ ಮಾತಿದೆ. ಎಷ್ಟೋ ಊರುಗಳಲ್ಲಿ ಅದರ ಹೆಸರಿನಲ್ಲಿಯೇ ಶಾಸನಗಳ ಮೇಲೆ ಸುಣ್ಣ ಬಳಿದಿದ್ದೇವೆ. ಸರಿಪಡಿಸಬಹುದಾದುದನ್ನು ಕೈಗುರುತು ಅಳಿಯದಂತೆ ಸರಿಪಡಿಸಬೇಕು. ಅದು ಸಾಧ್ಯವಿಲ್ಲವಾದರೆ ಮುರಿದುದನ್ನು ಮುರಿದಂತೆಯೇ ಇಟ್ಟು, ಮುರಿದಿದೆ ಎಂದು ಹೇಳಬೇಕು. ಹೊಸದನ್ನು ಮಾಡಿಟ್ಟು ಹಳೆಯದೆನ್ನಬಾರದು. ಇದು ನನ್ನ ಅಭಿಪ್ರಾಯ.

ನಿಮ್ಮ ಊರಿನ ಶಾಲೆಗೆ ಬಣ್ಣ ಬಳಿಯುವ ಮಾತು ಬಂದಾಗ, ಓದುಗರೇ, ಒಂದು ಡೆಸ್ಕನ್ನಾದರೂ ಹೆರೆಯದೆ ಬಿಡುವಂತೆ ದಯವಿಟ್ಟು ಹೇಳಿ. ನಾನು ಹೇಳಲಿಲ್ಲ.